ಏಳನೇ ಮಹಡಿಗೆ ಮೂರು ನಿಮಿಷ

ಲಿಫ್ಟಕ್ಕ ಇಪ್ಪತ್ತೆರಡು ವರ್ಷಗಳಿಂದ ದಿನಕ್ಕೆ ಎಂಬತ್ತು ಸಲ ಏಳನೇ ಮಹಡಿಗೆ ಹೋಗಿ ಬರುತ್ತಿದ್ದಳು, ಆದರೆ ಆ ಕಟ್ಟಡದ ಒಂದು ಮೆಟ್ಟಿಲನ್ನೂ ಹತ್ತಿದವಳಲ್ಲ. ನಗಬೇಡಿ. ನಿಮ್ಮನ್ನೂ ಕಬ್ಬಿಣದ ಗೂಡಿನೊಳಗೆ ಮರದ ಸ್ಟೂಲಿನ ಮೇಲೆ ಬೆಳಿಗ್ಗೆ ಒಂಬತ್ತರಿಂದ ಸಂಜೆವರೆಗೆ ಕೂರಿಸಿದರೆ ನೀವೂ ಹತ್ತುತ್ತಿರಲಿಲ್ಲ. ಜಾಲರಿ ಬಾಗಿಲು ಎಳೆಯುವುದು, ಹಿತ್ತಾಳೆಯ ಹಿಡಿಕೆ ತಿರುಗಿಸುವುದು, ಮಹಡಿಯ ನಂಬರು ಕೂಗುವುದು, ಮತ್ತೆ ಬಾಗಿಲು ಎಳೆಯುವುದು, ಇಷ್ಟೇ ಕೆಲಸ. ಎಳೆದೂ ಎಳೆದೂ ಅವಳ ಬಲಗೈ ಪೈಲ್ವಾನನ ಕೈ ಆಗಿತ್ತು. ಕಾಲುಗಳು ಮಾತ್ರ ಬೇರೆ ಯಾರದ್ದೋ ತಂದು ಜೋಡಿಸಿದ ಹಾಗೆ ಸೊರಗಿದ್ದವು. ವಯಸ್ಸು ಐವತ್ತನಾಲ್ಕು. ಎದ್ದರೂ ಕೂತರೂ ಮೊಣಕಾಲು ‘ಕಟಕ್’ ಎನ್ನುತ್ತಿತ್ತು. ಆ ಸದ್ದು ಕೇಳಿ ನಾಲ್ಕನೇ ಮಹಡಿಯ ಗುಮಾಸ್ತರು ‘ಲಿಫ್ಟಿಗೆ ಎಣ್ಣೆ ಹಾಕಿಸಬೇಕು’ ಎಂದು ಎರಡು ಸಲ ಅರ್ಜಿ ಬರೆದಿದ್ದರು.

ಕಾಲು ಹೇಗಿದ್ದರೇನು, ಲಿಫ್ಟಿನೊಳಗೆ ಅವಳದೇ ದರ್ಬಾರು. ‘ಎಂಟು ಜನ ಮಾತ್ರ’ ಎಂಬ ಬೋರ್ಡು ನೆತ್ತಿಯ ಮೇಲಿತ್ತು. ಒಂಬತ್ತನೆಯವನು ಸಾಕ್ಷಾತ್ ಡೈರೆಕ್ಟರೇ ಆಗಿದ್ದರೂ ಹೊರಗೆ. ಅದರ ಕೆಳಗೆ ಇನ್ನೊಂದು ಬೋರ್ಡು: ‘ಸೈಕಲ್, ನಾಯಿ, ಚಹಾದ ಕೆಟಲ್ ತರಬಾರದು.’ ಯಾವುದೋ ಕಾಲದಲ್ಲಿ ಯಾವನೋ ಅಧಿಕಾರಿಯ ಬಿಳಿ ಅಂಗಿಯ ಮೇಲೆ ಚಹಾ ಚೆಲ್ಲಿತ್ತಂತೆ. ಅವನು ರಿಟೈರಾದ, ಅಂಗಿ ನೆಲ ಒರೆಸುವ ಬಟ್ಟೆಯಾಗಿರಬೇಕು, ಬೋರ್ಡು ಮಾತ್ರ ಹಾಗೇ ಉಳಿಯಿತು. ಆ ಬೋರ್ಡಿನ ದೆಸೆಯಿಂದ ಕ್ಯಾಂಟೀನಿನ ಚಹಾದವನು ಹತ್ತೊಂಬತ್ತು ವರ್ಷ ತುಂಬಿದ ಕೆಟಲ್ ಹಿಡಿದು ಮೆಟ್ಟಿಲು ಹತ್ತಿದ. ಎಲ್ಲರೂ ಅವನನ್ನು ಕೆಟಲಪ್ಪ ಎನ್ನುತ್ತಿದ್ದರು. ಒಮ್ಮೆ ಅವನು ಕಾಲಿಗೆ ಬ್ಯಾಂಡೇಜು ಕಟ್ಟಿಕೊಂಡು ಕುಂಟುತ್ತ ಬಂದು, “ಅಕ್ಕಾ, ಇವತ್ತೊಂದಿನ,” ಎಂದು ಕೇಳಿದ್ದುಂಟು. ಲಿಫ್ಟಕ್ಕ ಬೋರ್ಡಿನ ಕಡೆ ಬೆರಳು ತೋರಿಸಿ ಬಾಗಿಲು ಎಳೆದಿದ್ದಳು. ಆಗ ಲಿಫ್ಟಿನಲ್ಲಿ ಅವಳನ್ನು ಬಿಟ್ಟರೆ ಯಾರೂ ಇರಲಿಲ್ಲ.

ಇಂಥ ಲಿಫ್ಟಕ್ಕನನ್ನು ಒಂದು ಬೆಳಿಗ್ಗೆ ಕಟ್ಟಡದ ಮ್ಯಾನೇಜರ್ ಏಳನೇ ಮಹಡಿಯ ತಮ್ಮ ಕೋಣೆಗೆ ಕರೆಸಿದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ.

“ಕೂತ್ಕೊಳ್ಳಿ ಲಿಫ್ಟಕ್ಕ. ಹಳೇ ಲಿಫ್ಟ್ ಬಿಚ್ಚಿಸ್ತಿದೀವಿ. ಇನ್ನು ಆರು ವಾರ ಅಷ್ಟೆ. ಹೊಸದರಲ್ಲಿ ಬಟನ್ ಒತ್ತಿದ್ರೆ ಸಾಕು, ನಡೆಸೋರು ಬೇಕಿಲ್ಲ. ನೀವೂ ದುಡಿದು ದಣಿದಿದ್ದೀರಿ, ಮನೇಲಿ ಆರಾಮಾಗಿರಿ.”

“ನನಗಿನ್ನೂ ನಾಲ್ಕು ವರ್ಷ ಸರ್ವೀಸ್ ಇದೆ ಸಾರ್,” ಎಂದಳು ಲಿಫ್ಟಕ್ಕ. “ಟಪಾಲು ಹಂಚೋರ ಜಾಗ ಖಾಲಿ ಇದೆಯಲ್ಲ, ಅಲ್ಲಿಗೆ ಹಾಕಿ.”

ಮ್ಯಾನೇಜರ್ ಅವಳ ಕಾಲು ನೋಡಿದರು. ನೋಡಿ ಮುಗುಳ್ನಕ್ಕರು. ಆ ನಗುವನ್ನು ಅವಳು ಸಾಯುವವರೆಗೆ ಮರೆಯುವುದಿಲ್ಲ, ಅವಳ ಬಾಯಿಂದ ಕೇಳಿದ ನಾನೂ ಮರೆಯುವುದಿಲ್ಲ.

“ಟಪಾಲಾ? ಹೊಸ ಲಿಫ್ಟ್ ಕೂರಿಸೋಕೆ ಮೂರು ತಿಂಗಳು ಬೇಕು. ಅಲ್ಲೀವರೆಗೆ ಎಲ್ಲರಿಗೂ ಮೆಟ್ಟಿಲೇ ಗತಿ. ಮತ್ತೆ ನೋಡಿ, ರೂಲ್ಸ್ ಅಂತ ಒಂದಿದೆ.” ಕಪಾಟಿನಿಂದ ಹಳೆಯ ನಿಯಮದ ಪುಸ್ತಕ ತೆಗೆದು, ಧೂಳು ಕೊಡವಿ ಓದಿದರು. ಲಿಫ್ಟೇ ಇಲ್ಲದ ಕಾಲದ ನಿಯಮ ಅದು. ಟಪಾಲು ಹಂಚುವವರು ಹನ್ನೆರಡು ಕೆಜಿ ಚೀಲ ಹೊತ್ತು, ಎಲ್ಲೂ ಕೂರದೆ, ಕಂಬಿ ಹಿಡಿಯದೆ, ಮೂರು ನಿಮಿಷದೊಳಗೆ ಏಳನೇ ಮಹಡಿ ಮುಟ್ಟಬೇಕು. ಆ ನಿಯಮವನ್ನು ಯಾರಿಗಾದರೂ ಅನ್ವಯಿಸಿದ್ದನ್ನು ಕಂಡವರಿಲ್ಲ. ಹಿಂದಿನ ಟಪಾಲಿನವನಿಗೆ ಕುರ್ಚಿಯಿಂದ ಏಳುವುದಕ್ಕೇ ಮೂರು ನಿಮಿಷ ಹಿಡಿಯುತ್ತಿತ್ತು, ಎದ್ದವನು ನೇರ ಲಿಫ್ಟಿಗೆ ಬಂದು ನಿಲ್ಲುತ್ತಿದ್ದ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಮ್ಯಾನೇಜರರ ಲೆಕ್ಕಾಚಾರ. ಇಲ್ಲ ಎನ್ನಬೇಕಾಗಿಲ್ಲ, ಅವಳೇ ಬಾಲ ಮುದುರಿಕೊಂಡು ಹೋಗುತ್ತಾಳೆ. ಆದರೆ ಲಿಫ್ಟಕ್ಕ ಎದ್ದು ನಿಂತಳು. ಮೊಣಕಾಲು ‘ಕಟಕ್’ ಎಂದಿತು.

“ಬರೆದು ಕೊಡಿ ಸಾರ್. ನೋಟಿಸ್ ಬೋರ್ಡಿಗೂ ಹಾಕಿ.”

“ಏನಂತ?”

“ಇದೇ. ಹನ್ನೆರಡು ಕೆಜಿ, ಮೂರು ನಿಮಿಷ. ಹತ್ತಿದ್ರೆ ಕೆಲಸ ನಂದು ಅಂತ.”

ಮ್ಯಾನೇಜರರಿಗೆ ತಮಾಷೆ ಎನಿಸಿತೋ ಏನೋ, ಹಾಕಿಸಿಯೇ ಬಿಟ್ಟರು. ಲಿಫ್ಟಿನ ಕೊನೆಯ ದಿನ, ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಅವತ್ತು ಮಧ್ಯಾಹ್ನದ ಹೊತ್ತಿಗೇ ಇಡೀ ಕಟ್ಟಡಕ್ಕೆ ಸುದ್ದಿ. ನಾಲ್ಕನೇ ಮಹಡಿಯ ಗುಮಾಸ್ತರು ಅವಳು ಯಾವ ಮಹಡಿಯಲ್ಲಿ ಬೀಳುತ್ತಾಳೆ ಎಂದು ಪಂಥ ಕಟ್ಟಿಕೊಂಡರು, ಅದೂ ಅವಳದೇ ಲಿಫ್ಟಿನಲ್ಲಿ ನಿಂತು, ಅವಳಿಗೆ ಕೇಳಿಸುವ ಹಾಗೆ. ಅವಳು ಸೊಪ್ಪು ಹಾಕಲಿಲ್ಲ. “ನಾಲ್ಕನೇ ಮಹಡಿ,” ಎಂದು ಎಂದಿಗಿಂತ ಜೋರಾಗಿ ಕೂಗಿ ಅವರನ್ನು ಇಳಿಸಿದಳು.

ಮನೆಯಲ್ಲಿ ಅವಳ ಯಜಮಾನರು ಟೈಲರ್. ಹೊರಗಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಸುತ್ತ ಬಟ್ಟೆಯ ರಾಶಿ. ಮಾತಿನಲ್ಲಿ ಕತ್ತರಿಗಿಂತ ಹರಿತ.

“ಅಲ್ವೇ, ಮನೇಲಿ ಒಂದು ಲೋಟ ನೀರು ಕೇಳಿದ್ರೆ ‘ನೀವೇ ಎದ್ದು ಕುಡೀರಿ’ ಅಂತೀಯ. ನೀನು ಏಳು ಮಹಡಿ ಹತ್ತುತೀಯಾ?”

“ಹತ್ತುತೀನಿ.”

“ಬಿದ್ರೆ?”

“ಬಿದ್ರೆ ನೀವೇ ಎದ್ದು ನೀರು ಕುಡೀರಿ.”

ಯಜಮಾನರು ಮೂಗಿನ ತುದಿಯ ಕನ್ನಡಕದ ಮೇಲಿಂದ ಅವಳ ಹೆಗಲನ್ನು ಕಣ್ಣಲ್ಲೇ ಅಳೆದರು. ಮಾರನೆಯ ದಿನ ಸಂಜೆ ಅವಳು ಬರುವಷ್ಟರಲ್ಲಿ ದಪ್ಪ ಕ್ಯಾನ್ವಾಸಿನ ಚೀಲವೊಂದು ಮಿಷನ್ನಿನ ಮೇಲಿತ್ತು. ಎರಡೂ ಹೆಗಲಿಗೆ ಬರುವ ಅಗಲ ಪಟ್ಟಿ, ಒಳಗೆ ಮಡಿಕೆ ಹಾಕಿ ಹೊಲಿದ ಮೆತ್ತೆ. “ಒಂದೇ ಹೆಗಲಿಗೆ ಹಾಕ್ಕೋ ಅಂತ ಆ ಪುಸ್ತಕದಲ್ಲಿ ಬರೆದಿಲ್ಲ ತಾನೆ?” ಎಂದರು, ಅಷ್ಟೆ.

ಇನ್ನು ಅಭ್ಯಾಸದ ಕತೆ ಕೇಳಿ. ಮೊದಲ ದಿನ ಬೆಳಿಗ್ಗೆ ಏಳೂವರೆಗೆ, ಕಟ್ಟಡದಲ್ಲಿ ಗುಡಿಸುವವರನ್ನು ಬಿಟ್ಟರೆ ನರಪಿಳ್ಳೆ ಇಲ್ಲದ ಹೊತ್ತಿನಲ್ಲಿ, ಬರಿಗೈಯಲ್ಲಿ ಹತ್ತತೊಡಗಿದಳು. ಹತ್ತಿದ್ದಲ್ಲ, ಓಡಿದಳು. ಎರಡನೇ ಮಹಡಿಯಲ್ಲಿ ಕಣ್ಣು ಕತ್ತಲೆ ಬಂದು ದೊಪ್ಪನೆ ಕೂತಳು. ಎರಡನೇ ದಿನ, ಮೂರನೇ ದಿನವೂ ಅದೇ ಹಾಡು. ಅದಕ್ಕಿಂತ ವಿಚಿತ್ರ ಇನ್ನೊಂದಿತ್ತು. ಪ್ರತಿ ಮಹಡಿ ಬಂದಾಗಲೂ ಅವಳ ಕಾಲು ತಾನಾಗಿ ನಿಲ್ಲುತ್ತಿತ್ತು, ಬಲಗೈ ಗಾಳಿಯಲ್ಲಿ ಇಲ್ಲದ ಬಾಗಿಲನ್ನು ಎಳೆಯುತ್ತಿತ್ತು. ಇಪ್ಪತ್ತೆರಡು ವರ್ಷ ಪ್ರತಿ ಮಹಡಿಗೂ ನಿಂತ ದೇಹ, ನಿಲ್ಲದೆ ಇನ್ನೇನು ಮಾಡೀತು? ತನ್ನ ಕೈಯನ್ನು ತಾನೇ ನೋಡಿ ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

“ಓಡಿ ಹತ್ತೋರು ಎರಡನೇ ಮಹಡೀಲೇ ಕೂತಿರ್ತಾರೆ ಅಕ್ಕ.”

ತಲೆಯೆತ್ತಿದರೆ ಕೆಟಲಪ್ಪ. ಕೈಯಲ್ಲಿ ಬೆಳಗಿನ ಮೊದಲ ಕೆಟಲ್. ಐವತ್ತು ದಾಟಿದ ಸಣಕಲು ದೇಹ, ಹಣೆಯ ಮೇಲೆ ಒಂದು ಹನಿ ಬೆವರಿಲ್ಲ.

“ನಗೋಕೆ ಬಂದ್ಯಾ?” ಎಂದು ಸಿಡುಕಿದಳು.

“ನಗೋಕೆ ಪುರುಸೊತ್ತೆಲ್ಲಿ, ಮೇಲೆ ಗುಡಿಸೋರು ಕಾಯ್ತಿರ್ತಾರೆ,” ಎಂದು ಅವನು ಹತ್ತಿ ಹೋದ. ಅವಳು ಅವನ ಕಾಲುಗಳನ್ನೇ ನೋಡಿದಳು. ಪೂರ್ತಿ ಪಾದ ಮೆಟ್ಟಿಲ ಮೇಲೆ, ಅವಸರವಿಲ್ಲ, ತಡೆಯಿಲ್ಲ. ಮಹಡಿ ಬಂದರೂ ಅದೇ ಗತಿ, ಹೋದರೂ ಅದೇ ಗತಿ. ಹತ್ತೊಂಬತ್ತು ವರ್ಷದಲ್ಲಿ ಅವಳು ಅವನ ಕೈಯಲ್ಲಿದ್ದ ಕೆಟಲನ್ನು ನೋಡಿದ್ದಳೇ ಹೊರತು ಕಾಲನ್ನು ನೋಡಿರಲಿಲ್ಲ.

ಅವನು ಇಳಿದು ಬಂದಾಗ ಲಿಫ್ಟಕ್ಕ ದಾರಿಗೆ ಅಡ್ಡ ನಿಂತಿದ್ದಳು. “ನನಗೂ ಹೇಳಿಕೊಡು.”

ಕೇಳುವುದು ಅವಳಿಗೆ ಸುಲಭವಾಗಿರಲಿಲ್ಲ. ಅವನು ಹಲ್ಲು ಕಿರಿದ. “ನೀವೇ ನನ್ನ ಗುರು ಅಕ್ಕ. ನೀವು ಲಿಫ್ಟಿಗೆ ಹತ್ತಿಸಿದ್ದಿದ್ರೆ ನನ್ನ ಕಾಲೂ ನಿಮ್ಮ ಕಾಲಿನ ಹಾಗೇ ಆಗ್ತಿತ್ತು.”

ಹೀಗೆ ಶುರುವಾಯಿತು ಪಾಠ. ಕೆಟಲಪ್ಪ ಅವಳ ಕೈಗೆ ಕಂಠಮಟ್ಟ ನೀರು ತುಂಬಿದ ಲೋಟ ಕೊಟ್ಟ. “ಇದು ತುಳುಕಬಾರದು. ತುಳುಕಿದ್ರೆ ನೀವು ತಪ್ಪು ಹತ್ತುತ್ತಿದೀರಿ ಅಂತ ಅರ್ಥ. ತುದಿಗಾಲಲ್ಲಿ ಹತ್ತಬೇಡಿ, ಪೂರ್ತಿ ಪಾದ ಇಡಿ. ಎರಡು ಮೆಟ್ಟಿಲಿಗೆ ಉಸಿರು ಒಳಗೆ, ಎರಡು ಮೆಟ್ಟಿಲಿಗೆ ಹೊರಗೆ. ಮೇಲೆ ನೋಡಬೇಡಿ. ಮೇಲೆ ನೋಡಿದ್ರೆ ಇನ್ನೂ ಎಷ್ಟಿದೆ ಅನ್ನೋದಷ್ಟೇ ಕಾಣುತ್ತೆ.” ಮೊದಲ ವಾರ ಮೆಟ್ಟಿಲೆಲ್ಲ ಒದ್ದೆ. ಗುಡಿಸುವವಳು ಎಲ್ಲಿ ಪೈಪು ಸೋರುತ್ತಿದೆ ಎಂದು ಮೂರು ದಿನ ಹುಡುಕಿದಳು.

ಲಿಫ್ಟಿನೊಳಗೂ ಅವಳು ಸುಮ್ಮನಿರಲಿಲ್ಲ. ಖಾಲಿ ಇದ್ದಾಗಲೆಲ್ಲ ಸ್ಟೂಲಿನಿಂದ ಏಳುವುದು, ಕೂರುವುದು, ಮತ್ತೆ ಏಳುವುದು. ಮಹಡಿಗೆ ಐದರಂತೆ, ಆಮೇಲೆ ಹತ್ತರಂತೆ. ಮೂರನೇ ವಾರ ಸ್ಟೂಲನ್ನೇ ಎತ್ತಿ ವಾಚ್‌ಮನ್‌ಗೆ ಕೊಟ್ಟು, ಸ್ಟೂಲಿಲ್ಲದೆಯೇ ಬಸ್ಕಿ ಹೊಡೆಯತೊಡಗಿದಳು. ಒಮ್ಮೆ ನಾಲ್ಕನೇ ಮಹಡಿಯಲ್ಲಿ ಬಾಗಿಲ ಹೊರಗೆ ಹಿರಿಯ ಗುಮಾಸ್ತರು ನಿಂತಿದ್ದರು. ಜಾಲರಿಯ ಹಿಂದೆ ಲಿಫ್ಟಕ್ಕ ಎರಡೂ ಕೈ ಮುಂದೆ ಜೋಡಿಸಿ ಅರ್ಧ ಬಗ್ಗಿದ್ದಳು. ಅವರು ಗಾಬರಿಯಾಗಿ, “ಅಯ್ಯೋ ಏಳಮ್ಮ, ನನಗ್ಯಾಕೆ ನಮಸ್ಕಾರ? ಪಂಥ ಕಟ್ಟಿದ್ದು ತಪ್ಪಾಯ್ತು,” ಎಂದುಬಿಟ್ಟರು.

“ನಿಮಗಲ್ಲ ಸಾರ್, ನನ್ನ ತೊಡೆಗೆ,” ಎಂದಳು ಇವಳು. “ಎಷ್ಟನೇ ಮಹಡಿ?”

ನಾಲ್ಕನೇ ವಾರ ಚೀಲ ಹೆಗಲೇರಿತು. ಮೊದಲು ನಾಲ್ಕು ಕೆಜಿ ಮರಳು, ಆಮೇಲೆ ಎಂಟು, ಆಮೇಲೆ ಹನ್ನೆರಡು. ಮಹಡಿಗೊಮ್ಮೆ ನಿಲ್ಲುವ ಚಾಳಿ ಬಿಟ್ಟಿತ್ತು. ಮೊಣಕಾಲಿನ ‘ಕಟಕ್’ ಪೂರ್ತಿ ಹೋಗಲಿಲ್ಲ, ಆದರೆ ಅದರ ಮಾತನ್ನು ಕೇಳುವವರು ಯಾರು? ಹಾಗಿದ್ದೂ ಐದನೇ ಮಹಡಿ ಬಂದರೆ ಸಾಕು, ಎದೆ ಢವಢವ, ಬಾಯಿ ಒಣಗಿ, ಒಳಗಿಂದ ಯಾರೋ ‘ಕೂತ್ಕೋ, ಕೂತ್ಕೋ’ ಎನ್ನುತ್ತಿದ್ದರು. ಅವಳು ಕೂತುಬಿಡುತ್ತಿದ್ದಳು. ಒಂದು ದಿನವಲ್ಲ, ಸಾಲಾಗಿ ಏಳು ದಿನ. ಪರೀಕ್ಷೆಗೆ ಉಳಿದದ್ದು ಒಂಬತ್ತೇ ದಿನ.

ಏಳನೆಯ ದಿನ ಅವಳು ಚೀಲವನ್ನು ಎತ್ತಿ ಒಗೆದಳು. “ಸಾಕು. ಮುದುಕಿಗ್ಯಾಕೆ ಈ ಹುಚ್ಚು. ಯಜಮಾನರ ತಂಗಿ ಫೋನ್ ಮಾಡಿ ‘ಈ ವಯಸ್ಸಲ್ಲಿ ಬಿದ್ದು ಗಿದ್ದೀರಿ ಅತ್ತಿಗೆ’ ಅಂತ ಉಗಿದಿದ್ದೇ ಸರಿ.”

ಕೆಟಲಪ್ಪ ಅವಳ ಪಕ್ಕದ ಮೆಟ್ಟಿಲ ಮೇಲೆ ಕೂತ. “ಕಾಲು ಸೋತಿಲ್ಲ ಅಕ್ಕ. ತಲೇಲಿ ಜನ ಜಾಸ್ತಿ ಆಗಿದಾರೆ.”

ಲಿಫ್ಟಕ್ಕ ಥಟ್ಟನೆ ತಿರುಗಿದಳು. ಜನ ಜಾಸ್ತಿಯಾದರೆ ಏನು ಮಾಡಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಳಿಸಬೇಕು. ಮುಲಾಜಿಲ್ಲದೆ ಇಳಿಸಬೇಕು. ಅವಳು ಇಡೀ ಆಯುಷ್ಯ ಮಾಡಿದ್ದೇ ಅದನ್ನು.

ಮಾರನೆಯ ಬೆಳಿಗ್ಗೆಯಿಂದ ಮಹಡಿಗೊಬ್ಬರನ್ನು ಇಳಿಸುತ್ತ ಹತ್ತಿದಳು. ಕಾಲು ನಿಲ್ಲಿಸದೆ, ಮನಸ್ಸಿನಲ್ಲೇ ಬಾಗಿಲು ಎಳೆಯುವುದು. ಒಂದನೇ ಮಹಡಿ: ಮ್ಯಾನೇಜರ್ ಸಾರ್, ಇಳೀರಿ, ನಿಮ್ಮ ನಗುವನ್ನೂ ತಗೊಂಡು ಹೋಗಿ. ಎರಡನೇ ಮಹಡಿ: ನಾದಿನಿ, ಇಳಿಯಮ್ಮ. ಮೂರರಲ್ಲಿ ಮೊಣಕಾಲಿನ ‘ಕಟಕ್’. ನಾಲ್ಕರಲ್ಲಿ ಪಂಥದ ಗುಮಾಸ್ತರು, ಅವರ ಜಾಗವೂ ಅದೇ ತಾನೆ. ಐದರಲ್ಲಿ ಆ ‘ಕೂತ್ಕೋ’ ಎನ್ನುವ ದನಿ. ಆರರಲ್ಲಿ ಇಪ್ಪತ್ತೆರಡು ವರ್ಷದ ಮರದ ಸ್ಟೂಲು. ಏಳಕ್ಕೆ ಬರುವಾಗ ಅವಳೊಬ್ಬಳೇ. ಎರಡು ದಿನದಲ್ಲಿ ಏಳನೇ ಮಹಡಿ ಮುಟ್ಟಿದಳು. ಪರೀಕ್ಷೆಯ ಹಿಂದಿನ ದಿನ ಮೂರು ನಿಮಿಷ ನಾಲ್ಕು ಸೆಕೆಂಡು.

ಅವತ್ತು ಇಬ್ಬರೂ ಮೇಲಿನ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದರು. ಅವಳು ಲೋಟ ತಿರುಗಿಸುತ್ತ ಕೇಳಿದಳು: “ಒಂದ್ಸಲ ಕಾಲಿಗೆ ಬ್ಯಾಂಡೇಜು ಕಟ್ಕೊಂಡು ಬಂದಿದ್ದೆ. ನೆನಪಿದೆಯಾ?”

“ಕಾಲಿಗೆ ನೆನಪಿದೆ ಅಕ್ಕ. ನನಗಿಲ್ಲ.”

“ಮತ್ತೆ ನನಗ್ಯಾಕೆ ಹೇಳಿಕೊಟ್ಟೆ?”

“ಮೂರು ತಿಂಗಳು ಮೆಟ್ಟಿಲಲ್ಲಿ ನನಗೂ ಒಬ್ಬರು ಜೊತೆ ಬೇಡ್ವಾ?” ಎಂದು ಅವನು ಲೋಟ ತೊಳೆಯಲು ಎದ್ದು ಹೋದ.

ಪರೀಕ್ಷೆಯ ದಿನ ಕಟ್ಟಡದಲ್ಲಿ ಯಾರೂ ಕೆಲಸ ಮಾಡಲಿಲ್ಲ. ಮಹಡಿ ಮಹಡಿಯಲ್ಲೂ ಜನ ಮೆಟ್ಟಿಲ ಬಾಯಿಗೆ ಬಂದು ನಿಂತರು. ಮ್ಯಾನೇಜರ್ ಏಳನೇ ಮಹಡಿಯಲ್ಲಿ ಮೊಬೈಲ್ ಹಿಡಿದು ನಿಂತಿದ್ದರು, ಕೆಳಗೆ ವಾಚ್‌ಮನ್ ಚೀಲ ತೂಗಿ, ಫೋನಿನಲ್ಲಿ “ಹೊರಟ್ರು ಸಾರ್!” ಎಂದು ಕೂಗಿದ.

ಪೂರ್ತಿ ಪಾದ. ಎರಡಕ್ಕೆ ಒಳಗೆ, ಎರಡಕ್ಕೆ ಹೊರಗೆ. ಮ್ಯಾನೇಜರ್ ಇಳಿದರು, ನಾದಿನಿ ಇಳಿದಳು, ‘ಕಟಕ್’ ಇಳಿಯಿತು. ನಾಲ್ಕರಲ್ಲಿ ಗುಮಾಸ್ತರು ನಿಜವಾಗಿಯೂ ನಿಂತಿದ್ದರು, ಅವರ ಮುಖವನ್ನೂ ನೋಡದೆ ದಾಟಿದಳು. ಐದನೇ ಮಹಡಿ ಬಂತು. ಮನಸ್ಸಿನ ಬಾಗಿಲು ಎಳೆದು ‘ಇಳಿ’ ಎಂದಳು. ಅಲ್ಲಿ ನಿಂತಿದ್ದದ್ದು ದಿನವೂ ಬರುವ ಆ ದನಿಯಲ್ಲ. ಕೆಟಲಪ್ಪ. ಹಳೆಯ ಕೆಟಲಪ್ಪ, ಕಾಲಿಗೆ ಬ್ಯಾಂಡೇಜು ಕಟ್ಟಿಕೊಂಡವನು.

‘ಇಳಿಯಪ್ಪ,’ ಎಂದಳು ಒಳಗೊಳಗೇ.

‘ಹತ್ತಿಸಿದ್ರೆ ತಾನೇ ಅಕ್ಕ ಇಳಿಯೋದು?’

ಅಲ್ಲಿ ಅವಳ ಉಸಿರಿನ ಲೆಕ್ಕ ತಪ್ಪಿತು. ಕಾಲು ನಿಂತಿತು, ಕೈ ಕಂಬಿಯ ಕಡೆ ಹೋಯಿತು. ಹಿಡಿದರೆ ಮುಗಿಯಿತು. ಅವಳಿಗೆ ಸಿಟ್ಟು ಬಂತು, ಮ್ಯಾನೇಜರ್ ಮೇಲಲ್ಲ, ತನ್ನ ಮೇಲೇ. ಖಾಲಿ ಲಿಫ್ಟು, ಕುಂಟುವ ಮನುಷ್ಯ, ಬೆರಳು ಮಾಡಿ ತೋರಿಸಿದ ಬೋರ್ಡು. ಥೂ, ಎಂಥ ಹೆಂಗಸು ನಾನು ಎಂದುಕೊಂಡಳು. ಸರಿ, ನೀನು ಇಳೀಬೇಡ. ನಿನ್ನನ್ನೂ ಹೊತ್ತುಕೊಂಡೇ ಹೋಗ್ತೀನಿ. ಕಂಬಿಯಿಂದ ನಾಲ್ಕು ಬೆರಳು ದೂರವಿದ್ದ ಕೈಯನ್ನು ಎಳೆದುಕೊಂಡು ಚೀಲದ ಪಟ್ಟಿ ಹಿಡಿದಳು. ಪೂರ್ತಿ ಪಾದ ಇಟ್ಟಳು. ಇನ್ನೊಂದು ಇಟ್ಟಳು.

ಏಳನೇ ಮಹಡಿಯ ನೆಲಕ್ಕೆ ಕಾಲು ತಾಗಿದಾಗ ಮ್ಯಾನೇಜರ್ ಮೊಬೈಲನ್ನು ಎರಡೆರಡು ಸಲ ನೋಡಿದರು. ಎರಡು ನಿಮಿಷ ಐವತ್ತೇಳು ಸೆಕೆಂಡು. ಕೆಳಗಿಂದ ಮೇಲಿನವರೆಗೆ ಮೆಟ್ಟಿಲುಗಳೆಲ್ಲ ‘ಹೋ’ ಎಂದವು.

“ಕೂತ್ಕೊಳ್ಳಿ, ಕೂತ್ಕೊಳ್ಳಿ ಲಿಫ್ಟಕ್ಕ, ಸುಧಾರಿಸ್ಕೊಳ್ಳಿ,” ಎಂದರು ಮ್ಯಾನೇಜರ್. ದನಿಯಲ್ಲಿ ಬೆಣ್ಣೆ ಕಮ್ಮಿಯಾಗಿತ್ತು.

“ಇಪ್ಪತ್ತೆರಡು ವರ್ಷ ಕೂತಿದ್ದು ಸಾಕು ಸಾರ್,” ಎಂದಳು ಏದುಸಿರು ಬಿಡುತ್ತ. “ಸಹಿ ಹಾಕಿ.”

ಹಾಕಿದರು. ಹಾಕದೆ ಎಲ್ಲಿಗೆ ಹೋಗುತ್ತಾರೆ, ನೋಟಿಸ್ ಬೋರ್ಡಿನಲ್ಲಿ ಅವರದೇ ಕೈಬರಹ ಇತ್ತಲ್ಲ.

ಸಂಜೆ ಐದಕ್ಕೆ ಹಳೆಯ ಲಿಫ್ಟಿನ ಕೊನೆಯ ಓಡಾಟ. ಲಿಫ್ಟಕ್ಕ ಹಿಡಿಕೆಯ ಪಕ್ಕ ನಿಂತಿದ್ದಳು. ಯಾವುದೋ ಕೆಲಸಕ್ಕೆ ಕೆಳಗಿಳಿದಿದ್ದ ಮ್ಯಾನೇಜರ್ ಮೇಲೆ ಹೋಗಲೆಂದು ಬಂದರು. ಅದೇ ಹೊತ್ತಿಗೆ ಕೆಟಲಪ್ಪ ಸಂಜೆಯ ಕೆಟಲ್ ಹಿಡಿದು, ತಲೆ ತಗ್ಗಿಸಿ, ಲಿಫ್ಟಿನ ಮುಂದಿನಿಂದ ಮೆಟ್ಟಿಲ ಕಡೆ ಹೊರಟಿದ್ದ.

“ಏ ತಮ್ಮಾ,” ಎಂದು ಕರೆದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ತಮ್ಮ ಎಂದದ್ದು. “ಹತ್ತು.”

ಅವನು ಬೋರ್ಡು ನೋಡಿದ. ಮ್ಯಾನೇಜರೂ ಬೋರ್ಡು ನೋಡಿದರು. “ಲಿಫ್ಟಕ್ಕ, ರೂಲ್ಸು...”

“ರೂಲ್ಸ್ ನಾನು ಮಾಡಿದ್ದಲ್ಲ ಸಾರ್. ಆದ್ರೆ ಬಾಗಿಲು ಹಾಕಿದ್ದು ನಾನೇ.” ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿ. “ಹತ್ತಪ್ಪ ಒಳಗೆ.”

ಕೆಟಲಪ್ಪ ಚಪ್ಪಲಿ ಬಿಡಬೇಕೋ ಬೇಡವೋ ಎಂಬಂತೆ ಹೊಸ್ತಿಲಲ್ಲಿ ತಡವರಿಸಿ, ಒಳಗೆ ಬಂದು ಮೂಲೆಯಲ್ಲಿ ನಿಂತ. ಅವನ ಹಿಂದೆ ಮ್ಯಾನೇಜರ್ ಕಾಲಿಟ್ಟರು. ಲಿಫ್ಟಕ್ಕ ಆ ಪೈಲ್ವಾನನ ಕೈಯನ್ನು ಅಡ್ಡ ಹಿಡಿದಳು.

“ನೀವು ಬರಬೇಡಿ ಸಾರ್. ಕೆಟಲ್ ಬಿಸಿ ಇದೆ, ಬಿಳೀ ಅಂಗಿ ಹಾಕಿದ್ದೀರಿ. ಮೆಟ್ಟಿಲು ಹತ್ತಿ ಬನ್ನಿ. ನೂರಾ ಐವತ್ತನಾಲ್ಕೇ ಇರೋದು.”

ಜಾಲರಿ ಬಾಗಿಲು ಎಳೆದಳು. ಒಬ್ಬನೇ ಪ್ರಯಾಣಿಕನಿದ್ದರೂ ಒಂದೊಂದು ಮಹಡಿಯನ್ನೂ ಕೂಗಿ ಹೇಳಿದಳು. ಕೆಟಲಪ್ಪ ಕೆಳಗೆ ಜಾರಿ ಹೋಗುವ ಮಹಡಿಗಳನ್ನು ಕಣ್ಣು ಬಿಟ್ಟು ನೋಡುತ್ತಿದ್ದ. ಒಂದು ಹನಿಯೂ ತುಳುಕಲಿಲ್ಲ.

“ಇಷ್ಟೇನಾ ಅಕ್ಕ?” ಎಂದು ಕೇಳಿದ.

“ಇಷ್ಟೇ ಕಣಪ್ಪ.”

“ಇಷ್ಟಕ್ಕಾ!” ಎಂದು ಅವನು ತಲೆಯಾಡಿಸಿದ. “ಏಳನೇ ಮಹಡಿ,” ಎಂದು ಬಾಗಿಲು ಎಳೆದಳು. ಬೆಳಿಗ್ಗೆ ಐದನೇ ಮಹಡಿಯಲ್ಲಿ ಇಳಿಯದೆ ನಿಂತಿದ್ದವನು ಈಗ ಇಳಿದು ಹೋದ.

ಕೆಳಗೆ ಮೆಟ್ಟಿಲ ಮೇಲೆ ಬೂಟಿನ ಸದ್ದು ದಡದಡ ಓಡಿ ಬರುತ್ತಿತ್ತು. ಎರಡನೇ ಮಹಡಿಯ ಹತ್ತಿರ ನಿಂತಿತು. ಲಿಫ್ಟಕ್ಕ ಹೊರಗೆ ಬಂದು, ಮೆಟ್ಟಿಲ ಕಂಬಿಯ ಮೇಲಿಂದ ಬಗ್ಗಿ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಿದಳು:

“ಓಡಬೇಡಿ ಸಾರ್! ಪೂರ್ತಿ ಪಾದ ಇಡಿ!”